ನನ್ನ ಅಂಗಿ ತೊಟ್ಟು ಕೂತವನು

ಸದ್ದಿಲ್ಲದ ಊರಿನಲ್ಲಿ ಬದುಕುವುದಕ್ಕೆ ಸ್ವಲ್ಪ ಧೈರ್ಯ ಬೇಕು ಎಂದರೆ ನೀವು ನಗಬಹುದು. ನಾನು ಹುಟ್ಟಿ ಬೆಳೆದದ್ದು ದಾವಣಗೆರೆಯಲ್ಲಿ. ಅಲ್ಲಿ ಪಕ್ಕದ ಮನೆಯವರಿಗೆ ನಮ್ಮ ಮೇಲೆ ಸಿಟ್ಟು ಬಂದರೆ ಮೊದಲು ನಮಗೆ, ಆಮೇಲೆ ಬೀದಿಗೆ, ಸಂಜೆಯೊಳಗೆ ಮಾರ್ಕೆಟ್ಟಿಗೆ ಗೊತ್ತಾಗುತ್ತಿತ್ತು. ಪ್ರೀತಿ ಬಂದರೂ ಅಷ್ಟೇ, ಹೋಳಿಗೆ ಡಬ್ಬಿ ಕಾಂಪೌಂಡ್ ಹಾರಿ ಬರುತ್ತಿತ್ತು. ನೆದರ್ಲೆಂಡ್ಸಿನ ಬೆಸ್ಟ್ ಎಂಬ ಹೆಸರಿನ ಊರು ದಾಟಿ ಸೈಕಲ್ಲಿನಲ್ಲಿ ಸ್ವಲ್ಪ ದೂರ ಹೋದರೆ ಸಿಗುವ ನಮ್ಮ ಈಗಿನ ಹಳ್ಳಿಯಲ್ಲಿ ಇವೆರಡಕ್ಕೂ ಸದ್ದಿಲ್ಲ. ಒಂದು ಚರ್ಚು, ಒಂದು ಬೇಕರಿ, ಜನರಿಗಿಂತ ಹೆಚ್ಚು ಹಸುಗಳು. ಆ ಹಸುಗಳೂ ಅಗತ್ಯವಿಲ್ಲದೆ ಅಂಬಾ ಎನ್ನುವುದಿಲ್ಲ.

"ಅಲ್ಲೇನಿದೆ ಗುರೂ? ದೋಸೆ ಹಿಟ್ಟೂ ಸಿಗಲ್ಲ" ಎಂದು ಐಂಡ್‌ಹೋವನ್ನಿನ ಫ್ಲಾಟುಗಳಲ್ಲಿರುವ ಆಫೀಸಿನ ಗೆಳೆಯರು ಹೇಳಿದ್ದರು. ಆದರೂ ಹಿತ್ತಲಿನ ಪೇರ್ ಹಣ್ಣಿನ ಮರ ನೋಡಿ ಮನಸ್ಸು ಸೋತು ಹೆಂಡತಿ, ಮಗಳ ಜೊತೆ ಈ ಬಾಡಿಗೆ ಮನೆ ಹಿಡಿದೆ. ಹೆಂಡತಿ ಶೈಲಾ ಗದಗಿನವಳು. ಅವಳು ತವರಿನವರ ಜೊತೆ ಮಾತಾಡಲು ಫೋನು ಹಿಡಿಯುವುದು ಬರೀ ಅಭ್ಯಾಸಕ್ಕೆ, ಕಿಟಕಿ ತೆಗೆದರೂ ಸಾಕು, ಗದಗಿಗೆ ಕೇಳಿಸುತ್ತದೆ. ಅಂಥವಳೂ ಇಲ್ಲಿಗೆ ಬಂದ ಮೇಲೆ ಮೆಲ್ಲಗೆ ಒಗ್ಗರಣೆ ಹಾಕುವುದನ್ನು ಕಲಿತಳು. ಪಕ್ಕದ ಮನೆಯ ಹೆಂಕ್ ನಿವೃತ್ತ ಬಡಗಿ. ನಮ್ಮನ್ನು ಕಂಡಾಗ ಒಂದು ಬೆರಳೆತ್ತಿ "ಹೋಯ್" ಎನ್ನುತ್ತಾರೆ, ಅಲ್ಲಿಗೆ ಆ ದಿನದ ಸಂಭಾಷಣೆ ಮುಗಿಯಿತು. ಅವರ ಹೆಂಡತಿ ರೀಟ್ ಸ್ವಲ್ಪ ವಾಚಾಳಿ, ಹವಾಮಾನದವರೆಗೂ ಬರುತ್ತಾರೆ.

ನನಗೆ ಊರು ತುಂಬಾ ಹಿಡಿಸಿತ್ತು. ಊರಿಗೆ ನಾವು ಹಿಡಿಸಿದ್ದೇವೆಯೇ ಎಂಬುದು ಮಾತ್ರ ಮೂರು ವರ್ಷವಾದರೂ ತಿಳಿದಿರಲಿಲ್ಲ. ನಮ್ಮ ಪರ್ಮಿಟ್ ಮುಗಿಯುವ ಕಾಲ ಹತ್ತಿರ ಬರುತ್ತಿತ್ತು. ಇಲ್ಲೇ ಉಳಿಯುವುದೋ, ಬೆಂಗಳೂರಿಗೆ ಮರಳುವುದೋ ಎಂದು ನಾನೂ ಶೈಲಾಳೂ ದಿನಾ ಊಟದ ಹೊತ್ತಿನಲ್ಲಿ ಚರ್ಚೆ ಮಾಡುತ್ತಿದ್ದೆವು. "ಇರ್ರಿ ಅಂತ ಒಬ್ಬರs ಹೇಳ್ಯಾರೇನು ನಮಗ?" ಎಂದು ಅವಳು ಕೇಳಿದರೆ ನಾನು ಇನ್ನೊಂದು ಸೌಟು ಸಾರು ಬಡಿಸಿಕೊಳ್ಳುತ್ತಿದ್ದೆ.

ಹೀಗಿರುವಾಗ, ಬೇಸಿಗೆ ಆಗಷ್ಟೇ ಶುರುವಾದ ಒಂದು ಭಾನುವಾರ ಬೆಳಿಗ್ಗೆ ಶೈಲಾ ಬಂದು ಎಬ್ಬಿಸಿದಳು. "ರೀ, ಲಗೂ ಹೊರಗ ಬರ್ರಿ. ಮನಿ ಮುಂದ ಯಾರೋ ಕುಂತಾರ."

"ಯಾರು?"

"ನೀವs ಕುಂತೀರಿ!"

ಹೋಗಿ ನೋಡಿದರೆ ಅವಳು ಹೇಳಿದ್ದು ನಿಜ. ಅಂಗಳದ ಹುಲ್ಲಿನ ಮೇಲೆ ಒಂದು ಕುರ್ಚಿ, ಅದರಲ್ಲಿ ಒಣಹುಲ್ಲು ತುಂಬಿದ ಆಳೆತ್ತರದ ಗೊಂಬೆ. ದಿಂಬಿನ ಚೀಲದ ಮುಖಕ್ಕೆ ನನ್ನಂಥದೇ ಮೀಸೆ. ಮೈಮೇಲೆ ನನ್ನದೇ ನೀಲಿ ಚೌಕಳಿ ಅಂಗಿ, ಜೇಬಿನ ಮೇಲಿನ ಶಾಯಿ ಕಲೆಯ ಸಮೇತ. ಕೊರಳಲ್ಲಿ ಕೆಂಪು ಅಂಚಿನ ದುಂಡನೆಯ ಬೋರ್ಡು, ಅದರಲ್ಲಿ ದೊಡ್ಡದಾಗಿ ಐವತ್ತು ಎಂಬ ಅಂಕಿ.

"ನನ್ನ ಅಂಗಿ ಇವನಿಗೆ ಹೇಗೆ ಸಿಕ್ತು?"

ಶೈಲಾ ದನಿ ತಗ್ಗಿಸಿದಳು. "ರೀಟ್ ಆಂಟಿ ಕೇಳಿದ್ರು, ನಿನ್ನ ಗಂಡಂದು ಹಳೇ ಅಂಗಿ ಇದ್ರ ಕೊಡು ಅಂತ. ನೆಲಾ ಒರಸಾಕ ಇರಬೇಕು ಅಂತ ಕೊಟ್ಟೆ. ನಮ್ಮ ಕಡೆ ಮಾಟಾ ಮಾಡ್ಸೋರು ಮೊದಲ ಉಟ್ಟ ಅರಿವೀನ ಕೇಳ್ತಾರ್ರೀ!" ಇವಳು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು ಎಂಬುದನ್ನು ಇಲ್ಲಿ ನೆನಪಿಸಬೇಕಾಗಿದೆ.

ನನ್ನ ಯೋಚನೆ ಬೇರೆ ದಾರಿ ಹಿಡಿಯಿತು. ನಮ್ಮೂರಿನಲ್ಲಿ ಹುಲ್ಲು ತುಂಬಿ, ಅಂಗಿ ತೊಡಿಸಿ, ಕೊರಳಿಗೆ ಬೋರ್ಡು ಕಟ್ಟುವುದು ಸರ್ಕಲ್ಲಿನಲ್ಲಿಟ್ಟು ಧಿಕ್ಕಾರ ಕೂಗಿ ಸುಡುವುದಕ್ಕೆ. ಕಾಲೇಜಿನಲ್ಲಿದ್ದಾಗ ಒಬ್ಬ ಮಂತ್ರಿಯ ಪ್ರತಿಕೃತಿಗೆ ನಾನೇ ನನ್ನ ಸೋದರಮಾವನ ಪ್ಯಾಂಟು ದಾನ ಮಾಡಿದ್ದೆ. ಮರುದಿನ ಪೇಪರಿನ ಫೋಟೋದಲ್ಲಿ ಮಾವ ಮೊದಲು ಗುರುತಿಸಿದ್ದು ಮಂತ್ರಿಯನ್ನಲ್ಲ, ಪ್ಯಾಂಟನ್ನು. ಈಗ ನನ್ನ ಸರದಿ ಬಂದಿದೆ, ಸಂಜೆ ಬೆಂಕಿ ಹಚ್ಚುತ್ತಾರೆ ಎಂದುಕೊಂಡೆ. ಮಾಡಿದ ಅಪರಾಧವೂ ಬೋರ್ಡಿನಲ್ಲೇ ಇತ್ತು. ನಮ್ಮ ಓಣಿಯಲ್ಲಿ ಗಾಡಿಗಳು ಮೂವತ್ತರ ವೇಗ ಮೀರಬಾರದು. ಆಫೀಸಿಗೆ ಹೊತ್ತಾದ ದಿನ ನನ್ನ ಕಾರು ನಲವತ್ತು ಮುಟ್ಟಿರಬಹುದು, ಐವತ್ತು ಮಾತ್ರ ಶುದ್ಧ ಸುಳ್ಳು. ಮೂರು ವರ್ಷ ಬಾಯಿ ಬಿಡದ ಊರು ಕೊನೆಗೂ ಬಾಯಿ ಬಿಟ್ಟಿತ್ತು, ಅದೂ ಹೀಗೆ.

ಶೈಲಾ ಹಿಂದಿನ ದಿನ ಕಟ್ಟಿದ್ದ ಬೇಸನ್ ಉಂಡೆಯ ಡಬ್ಬಿ ಹಿಡಿದು ಪಕ್ಕದ ಮನೆಗೆ ಹೋದೆ. ಹೆಂಕ್ ಬಾಗಿಲಲ್ಲೇ ನಿಂತಿದ್ದರು. "ತಪ್ಪಾಯ್ತು ಹೆಂಕ್. ಇನ್ನು ಮುಂದೆ ನಿಧಾನವಾಗಿ ಹೋಗ್ತೀನಿ" ಎಂದು ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದೆ.

ಅವರು ಸ್ವಲ್ಪ ಯೋಚಿಸಿದರು. "ಒಳ್ಳೇದು. ಐವತ್ತಾದ ಮೇಲೆ ನಿಧಾನ ಆಗಲೇಬೇಕು" ಎಂದು ನನ್ನ ಕೈ ಹಿಡಿದು ಕುಲುಕಿ, "ಹುಟ್ಟುಹಬ್ಬದ ಶುಭಾಶಯ" ಅಂದರು.

ಆಮೇಲೆ ರೀಟ್ ಬಂದು ಬಿಡಿಸಿ ಹೇಳಿದರು. ಇಲ್ಲಿ ಗಂಡಸಿಗೆ ಐವತ್ತು ತುಂಬಿದರೆ ಅಕ್ಕಪಕ್ಕದವರು ಸೇರಿ ಅವನ ಮನೆ ಮುಂದೆ ಇಂಥ ಮುದುಕನೊಬ್ಬನನ್ನು ಕೂರಿಸುತ್ತಾರೆ. ಬೈಬಲ್ಲಿನ ಹಿರಿಯಜ್ಜ ಅಬ್ರಹಾಮನ ಹೆಸರಿನ ಗೊಂಬೆ ಅದು. ಯಾರಿಗೆಂದರೆ ಅವರಿಗೆ ಕೂರಿಸುವುದಿಲ್ಲ, ತಮ್ಮವರಿಗೆ ಮಾತ್ರ. ಆ ಕೊನೆಯ ಮಾತನ್ನು ಶೈಲಾಳಿಗೆ ಹೇಳಲು ಮನೆಯ ಕಡೆ ತಿರುಗಿದೆ. ಆಗಲೇ ಇನ್ನೊಂದು ವಿಷಯ ನೆನಪಾಗಿ ಅಲ್ಲೇ ನಿಂತೆ. ಆ ದಿನ ಜೂನ್ ಒಂದು.

ನಮ್ಮ ಕಾಲದ ಅರ್ಧ ಕರ್ನಾಟಕ ಹುಟ್ಟಿದ್ದು ಜೂನ್ ಒಂದರಂದು. ಅಕ್ಕ ಶಾಲೆಗೆ ಹೊರಟಾಗ ನಾನೂ ಹೋಗುತ್ತೇನೆಂದು ರಂಪ ಮಾಡಿದ್ದೆನಂತೆ. ಅಪ್ಪ ಕರೆದುಕೊಂಡು ಹೋದರು. ಹೆಡ್ ಮಾಸ್ತರರು ನನ್ನ ಅಳು ತಾಳಲಾರದೆ ವಯಸ್ಸಿಗೆ ಒಂದೂವರೆ ವರ್ಷ ಸೇರಿಸಿ, ಜೂನ್ ಒಂದು ಎಂದು ಬರೆದು ಒಳಗೆ ಕೂರಿಸಿಕೊಂಡರು. ಮನೆಯಲ್ಲಿ ನನ್ನ ಹುಟ್ಟುಹಬ್ಬ ನವೆಂಬರಿನಲ್ಲೇ. ಈ ಜೂನ್ ಒಂದು ಪಾಸ್‌ಪೋರ್ಟಿಗೆ, ಪರ್ಮಿಟ್ಟಿಗೆ, ಬ್ಯಾಂಕಿಗೆ ಮಾತ್ರ. ಹೋದ ವರ್ಷ ರೀಟ್ ನನ್ನ ಜನ್ಮದಿನ ಕೇಳಿದಾಗ ಕೌಂಟರಿನ ಮುಂದೆ ನಿಂತವನ ಹಾಗೆ ಅದನ್ನೇ ಇಸವಿ ಸಮೇತ ಹೇಳಿಬಿಟ್ಟಿದ್ದೆ. ಅವರು ಅದನ್ನು ತಮ್ಮ ಹುಟ್ಟುಹಬ್ಬದ ಕ್ಯಾಲೆಂಡರಿನಲ್ಲಿ ಬರೆದುಕೊಂಡಿದ್ದರು. ಇಲ್ಲಿ ಎಲ್ಲರ ಮನೆಯಲ್ಲೂ ಆ ಕ್ಯಾಲೆಂಡರ್ ತೂಗುವುದು ಟಾಯ್ಲೆಟ್ಟಿನ ಗೋಡೆಗೆ. ಕೂತಾಗಲೆಲ್ಲ ಅವರು ನನ್ನನ್ನು ನೆನೆದಿದ್ದಾರೆ.

ನಿಜ ಹೇಳಬೇಕಿತ್ತು, ಹೇಳಲಿಲ್ಲ. ಅಷ್ಟು ಹೊತ್ತಿಗೆ ಓಣಿಯವರೆಲ್ಲ ಕುರ್ಚಿ ಹೊತ್ತು ಬಂದು ನಮ್ಮ ಅಂಗಳದಲ್ಲಿ ದುಂಡಗೆ ಕೂತಿದ್ದರು. ಬಂದವರೆಲ್ಲ ನನ್ನ ಕೈ ಕುಲುಕಿ, ಶೈಲಾಳ ಕೈಯನ್ನೂ ಕುಲುಕಿ ಅವಳಿಗೂ ಅಭಿನಂದನೆ ಹೇಳಿದರು. "ನಿಮಗ ವಯಸ್ಸಾದ್ರ ನನಗ್ಯಾಕ ಶಭಾಶ್‌ಗಿರಿ?" ಎಂದು ಅವಳು ನನ್ನ ಕಿವಿಯಲ್ಲಿ ಕೇಳಿದಳು. ರೀಟ್ ತಂದ ಕೇಕು ತಲೆಗೊಂದು ಚೂರು. ಅದು ಸಾಲದೆಂದು ಶೈಲಾ ಒಳಗೆ ಹೋಗಿ ಮಂಡಕ್ಕಿ ಕಲಸಿ, ಮೆಣಸಿನಕಾಯಿ ಬಜ್ಜಿ ಕರಿದು ತಂದಳು. ಹೆಂಕ್ ಒಂದು ಬಜ್ಜಿ ತಿಂದು ಟೊಮೇಟೊ ಬಣ್ಣಕ್ಕೆ ತಿರುಗಿ, ಮಾತಿಲ್ಲದೆ ಇನ್ನೊಂದಕ್ಕೆ ಕೈ ಚಾಚಿದರು. ಇಷ್ಟು ಸುಖವಾಗಿ ನಾನು ಯಾವ ನವೆಂಬರಿನಲ್ಲೂ ಕೂತಿರಲಿಲ್ಲ.

ಆಗ ದಾವಣಗೆರೆಯಿಂದ ಅಕ್ಕನ ವಿಡಿಯೋ ಕಾಲ್ ಬಂತು. "ಏನೋ ಅಷ್ಟು ಜನ? ಐವತ್ತಾ? ಯಾರಿಗೋ? ನಿಂಗಿನ್ನೂ ನಲವತ್ತೊಂಬತ್ತೇ ತುಂಬಿಲ್ವಲ್ಲೋ! ನಿನ್ನ ತೊಟ್ಟಿಲು ತೂಗಿದವಳು ನಾನು!" ಅವಳು ಕೂಗಿದ್ದು ಕನ್ನಡದಲ್ಲಿ, ಯಾರಿಗೂ ತಿಳಿಯುವುದಿಲ್ಲವೆಂದು ನಾನು ನಗುತ್ತಲೇ ಇದ್ದೆ. ಆದರೆ ನನ್ನ ಹನ್ನೆರಡು ವರ್ಷದ ಮಗಳು ಅದಿತಿ ಆಗಷ್ಟೇ ಎದ್ದು ಬಂದು ಕೇಕಿನ ಮುಂದೆ ನಿಂತಿದ್ದಳು. ನನ್ನ ಕನ್ನಡಕ್ಕೆ ಸದಾ ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿಗೆ ಅವತ್ತು ಅತ್ತೆಯ ಮಾತು ಒಂದಕ್ಷರ ಬಿಡದೆ ಅರ್ಥವಾಯಿತು. ಹೆಡ್ ಮಾಸ್ತರರ ಕಥೆಯನ್ನೂ ಸೇರಿಸಿ ಎಲ್ಲವನ್ನೂ ಇಲ್ಲಿನ ಶಾಲೆಯಲ್ಲಿ ಕಲಿತ ಸೊಗಸಾದ ಡಚ್ಚಿನಲ್ಲಿ ಓಣಿಗೆ ಒಪ್ಪಿಸಿಬಿಟ್ಟಳು.

ಹೆಂಕ್ ಎದ್ದು ಕೈ ಒರೆಸಿಕೊಂಡು ನೇರವಾಗಿ ಗೊಂಬೆಯ ಹತ್ತಿರ ಹೋದರು. "ಹಾಗಾದರೆ ಇದು ಸರಿಯಲ್ಲ" ಎಂದು ಅದನ್ನು ಕಂಕುಳಲ್ಲಿ ಇರುಕಿಕೊಂಡರು. ಮುಗಿಯಿತು, ಕೊಟ್ಟ ಮಾನವನ್ನು ಹಿಂದಕ್ಕೆ ತೆಗೆದುಕೊಂಡು ಹೊರಟರು ಎಂದು ನನ್ನ ಮುಖ ಬಾಡಿತು. ಗೇಟಿನವರೆಗೆ ಹೋದವರು ತಿರುಗಿ ನಿಂತರು. "ಬರುವ ವರ್ಷ ನವೆಂಬರ್. ಅಲ್ಲೀತನಕ ನನ್ನ ಶೆಡ್ಡಿನಲ್ಲಿರಲಿ. ಆಗ ಚಳಿ ಇರುತ್ತೆ, ಇವನಿಗೆ ಕೋಟು ಬೇಕಾಗುತ್ತೆ." ರೀಟ್ ಆಗಲೇ ಕ್ಯಾಲೆಂಡರ್ ತಿದ್ದಲು ತಮ್ಮ ಟಾಯ್ಲೆಟ್ಟಿನ ಕಡೆ ಓಡಿದ್ದರು.

ನಮ್ಮ ಪರ್ಮಿಟ್ ಬರುವ ವರ್ಷ ಮಾರ್ಚಿಗೇ ಮುಗಿಯುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ನಾನು ಶೈಲಾಳ ಮುಖ ನೋಡಿದೆ. ಅವಳು ಒಳಗೆ ಹೋಗಿ ನನ್ನ ಕೋಟು ತಂದು ಹೆಂಕ್ ಕೈಗೆ ಕೊಟ್ಟಳು. ಮರುದಿನವೇ ಪರ್ಮಿಟ್ ಮುಂದುವರಿಸಲು ಅರ್ಜಿ ಹಾಕಿದೆವು.

ಗಡಿಬಿಡಿಯಲ್ಲಿ ಅವಳು ಕೊಟ್ಟದ್ದು ಹಳೆಯ ಕೋಟಲ್ಲ, ನನಗಿದ್ದ ಒಂದೇ ಒಂದು ಉಣ್ಣೆ ಕೋಟು. ವಾಪಸು ಕೇಳಲು ನನಗೆ ನಾಚಿಕೆ. ಗೊಂಬೆ ಅದನ್ನು ತೊಟ್ಟು ಹೆಂಕ್ ಶೆಡ್ಡಿನಲ್ಲಿ ಬೆಚ್ಚಗೆ ಕೂತಿದೆ. ಈಗ ಡಿಸೆಂಬರ್. ತೆಳು ಜಾಕೆಟ್ಟಿನಲ್ಲಿ ನಡುಗುತ್ತಾ, ನನಗೆ ಬೇಗ ಐವತ್ತಾಗಲಿ ದೇವರೇ ಎಂದು ಬೇಡಿಕೊಳ್ಳುತ್ತಾ ದಿನಾ ಅದರ ಮುಂದೆ ಹಾದು ಹೋಗುತ್ತೇನೆ.