ಕಾರು ನಿಂತಿತ್ತು, ಬಾಗಿಲು ನಿಂತಿರಲಿಲ್ಲ

ಸೈಕಲ್ ಮೇಲೆ ಹೋಗೋರಿಗೆ ಬುದ್ಧಿ ಹೇಳೋಕೆ ಈ ಊರಲ್ಲಿ ಯಾರಿಗೂ ಯಾವ ಅರ್ಹತೆಯೂ ಬೇಕಿಲ್ಲ, ದಿನಾ ಒಬ್ಬರಾದ್ರೂ ಸಿಕ್ಕೇ ಸಿಗ್ತಾರೆ. ಸಿಗ್ನಲ್‌ನಲ್ಲಿ ಆಟೋದವನು ಹೇಳ್ತಾನೆ, ಸೊಪ್ಪು ಮಾರೋಳು ಹೇಳ್ತಾಳೆ, ರಾಂಗ್ ಸೈಡಲ್ಲಿ ಎದುರಿಗೆ ಬಂದ ಸ್ಕೂಟರಿನವನೂ ಗಾಡಿ ನಿಲ್ಲಿಸಿ, "ಹುಷಾರು ಆಂಟಿ, ಕಾಲ ಸರಿ ಇಲ್ಲ" ಅಂತ ಹೇಳಿ ಮತ್ತೆ ರಾಂಗ್ ಸೈಡಲ್ಲೇ ಹೋಗ್ತಾನೆ.

ನಾನು ಇಪ್ಪತ್ತೇಳು ವರ್ಷ ಸಿಟಿ ಬಸ್ಸಲ್ಲಿ ಕಂಡಕ್ಟರ್ ಆಗಿದ್ದೋಳು. ಬಾಯಿ ಸ್ವಲ್ಪ ಜೋರು, ಒಪ್ಕೋತೀನಿ. ರಿಟೈರ್ ಆದ ತಿಂಗಳೇ ಒಂದು ಸೈಕಲ್ ತಗೊಂಡೆ. ಇಷ್ಟು ವರ್ಷ ಗಾಡಿ ಹೋದ ಕಡೆ ನಾನು ಹೋಗಿದ್ದು ಸಾಕು, ಇನ್ಮೇಲೆ ನಾನು ಹೇಳಿದ ಕಡೆ ಗಾಡಿ ಹೋಗ್ಲಿ ಅಂತ ಆಸೆ. ಬೆಳಿಗ್ಗೆ ಮೂಡಲಪಾಳ್ಯದ ಮನೆಯಿಂದ ಹೊರಟು ಜ್ಞಾನಭಾರತಿ ಕ್ಯಾಂಪಸ್ಸಲ್ಲಿ ಎರಡು ಸುತ್ತು ಹಾಕಿ, ವಾಪಸ್ ಬರ್ತಾ ಸೊಪ್ಪು ತರೋದು. ಅಷ್ಟೇ ನನ್ನ ಸುಖ. ಅದನ್ನ ಉಳಿಸ್ಕೊಳ್ಳೋಕೆ ಎರಡು ವರ್ಷ ಹೋರಾಡಬೇಕಾಯ್ತು.

೧. ಹೋಲ್ಡಾನ್

ಅವತ್ತು ಬೇಕರಿ ಮುಂದೆ, ರಸ್ತೆ ಪಕ್ಕ ಒಂದು ಕಾರು ನಿಂತಿತ್ತು. ನಾನು ಅದರ ಪಕ್ಕದಲ್ಲಿ ಹೋಗ್ತಾ ಇದ್ದ ಹಾಗೆ ಒಳಗಿದ್ದವರು ಹಿಂದೆ ಮುಂದೆ ನೋಡದೆ ಧಡ್ ಅಂತ ಬಾಗಿಲು ತೆಗೆದ್ರು. ಬಾಗಿಲು ನನ್ನ ಎಡಗೈಗೆ ಬಡೀತು, ನಾನು ರಸ್ತೆ ಮಧ್ಯಕ್ಕೆ ಬಿದ್ದೆ. ಬೀಳ್ತಾ ಬಾಯಿಂದ "ಅಯ್ಯೋ" ಬರಲಿಲ್ಲ, "ಅಮ್ಮಾ" ಬರಲಿಲ್ಲ. ಇಪ್ಪತ್ತೇಳು ವರ್ಷ ಬಸ್ ನಿಲ್ಲಿಸಿದ ಅಭ್ಯಾಸ, "ಹೋಲ್ಡಾನ್!" ಅಂತ ಬಂತು.

ನನ್ನ ಹಿಂದೆಯೇ ಒಂದು ಸಿಟಿ ಬಸ್ ಬರ್ತಾ ಇತ್ತು. ಆ ಡ್ರೈವರ್ ಕಿವಿಗೆ ಹೋಲ್ಡಾನ್ ಬಿತ್ತು, ಕಾಲು ತಾನಾಗೇ ಬ್ರೇಕ್ ಮೇಲೆ ಹೋಯ್ತು. ನನ್ನ ತಲೆಗೂ ಅವನ ಚಕ್ರಕ್ಕೂ ಒಂದು ಮೊಳ ಜಾಗ. ನನ್ನ ಜೀವ ಉಳಿದಿದ್ದು ಆ ಒಂದು ಮಾತಿನಿಂದ. ಬಸ್ಸಿನೊಳಗೆ ಮಾತ್ರ ಜಗಳ ಶುರುವಾಗಿತ್ತು. ಸ್ಟಾಪ್ ಇಲ್ಲದ ಕಡೆ ಹೋಲ್ಡಾನ್ ಯಾಕಯ್ಯಾ ಅಂದೆ ಅಂತ ಡ್ರೈವರ್ ಕೇಳ್ತಿದ್ದ, ನಾನಲ್ಲ ಗುರೂ, ದೇವರಾಣೆ ನಾನಲ್ಲ ಅಂತ ಕಂಡಕ್ಟರ್ ಆಣೆ ಹಾಕ್ತಿದ್ದ.

ಕಾರಿನಿಂದ ಇಸ್ತ್ರಿ ಶರ್ಟಿನ ಯಜಮಾನರೊಬ್ಬರು ಇಳಿದ್ರು. ಮೊದಲು ಬಾಗಿಲಿಗೆ ಗೀರು ಬಿದ್ದಿದೆಯಾ ಅಂತ ಕೈ ಸವರಿ ನೋಡಿದ್ರು, ಆಮೇಲೆ ನನ್ನ ಕಡೆ ತಿರುಗಿ, "ನಾನು ಸುಮ್ನೆ ನಿಂತಿದ್ದೆ. ನೀವೇ ಬಂದು ಗುದ್ದಿದ್ರಿ" ಅಂದ್ರು.

ಅಷ್ಟೊತ್ತಿಗೆ ಜನ ಸೇರಿದ್ರು. ಒಬ್ರು ನೀರು ಕೊಟ್ರು, ಇನ್ನೊಬ್ರು ಸೈಕಲ್ ಎತ್ತಿದ್ರು, ಉಳಿದೋರೆಲ್ಲ ತೀರ್ಪು ಕೊಟ್ರು. ಈ ವಯಸ್ಸಲ್ಲಿ ಸೈಕಲ್ ಯಾಕೆ, ಪಾರ್ಕಲ್ಲಿ ವಾಕಿಂಗ್ ಮಾಡಬಾರದಾ, ನಿಂತಿರೋ ಕಾರು ಯಾರಿಗೆ ಏನು ಮಾಡುತ್ತೆ. ನನಗೆ ನೋವಿಗಿಂತ ಸಿಟ್ಟು ಜಾಸ್ತಿ ಬಂತು. ನೆಲದ ಮೇಲೆ ಕೂತೇ ಹೇಳಿದೆ: "ಕಾರು ನಿಂತಿತ್ತಪ್ಪಾ. ಬಾಗಿಲು ನಿಂತಿರ್ಲಿಲ್ಲ."

೨. ಬೀಗ

ಎಡಗೈ ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರ್ ಹಾಕಿಸ್ಕೊಂಡು ಮನೆಗೆ ಬಂದ್ರೆ, ನಮ್ಮ ಮನೆಯವರು ಸೈಕಲ್ಲಿಗೆ ಚೈನ್ ಸುತ್ತಿ, ಕಿಟಕಿ ಕಂಬಿಗೆ ಕಟ್ಟಿ ಬೀಗ ಜಡಿದಿದ್ರು. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಲ್ಲಿ ಮೂವತ್ತು ವರ್ಷ ಲೇತ್ ಮಷಿನ್ ಮುಂದೆ ನಿಂತು ರಿಟೈರ್ ಆದ ಮನುಷ್ಯ, ಯಾರ ಜೊತೆಗೂ ಜೋರಾಗಿ ಮಾತಾಡಿದೋರಲ್ಲ. ಹೋಗ್ಲಿ ಬಿಡೇ ಅನ್ನೋದೇ ಅವರ ಮಂತ್ರ. ಅವತ್ತು ಮಾತ್ರ ಕಣ್ಣಲ್ಲಿ ನೀರಿತ್ತು.

ನನ್ನ ತಪ್ಪಿಲ್ಲ ರೀ ಅಂದೆ. ಎಲ್ಲರೂ ನಿಂದೇ ತಪ್ಪು ಅಂತಿದಾರಲ್ಲೇ ಅಂದ್ರು. ಎಲ್ಲರೂ ಅಂದ್ರೆ ಯಾರು ಅಂತ ಕೇಳಿದ್ರೆ ಬೇಕರಿಯವನು, ಅವನ ಭಾವಮೈದ, ನಮ್ಮ ಮೇಲಿನ ಮನೆಯೋರು.

"ತಪ್ಪು ನಿಂದಲ್ಲ ಅಂತ ದೊಡ್ಡೋರು ಯಾರಾದ್ರೂ ಬರ್ಕೊಡ್ಲಿ ಕಣೇ, ಅವತ್ತೇ ಬೀಗ ತೆಗೀತೀನಿ" ಅಂದು ಕೀಲಿ ಶರ್ಟ್ ಜೇಬಿಗೆ ಹಾಕ್ಕೊಂಡ್ರು. ಆಗಲಿ, ಬರೆಸ್ಕೊಂಡೇ ಬರ್ತೀನಿ ಅಂದೆ. ಸ್ನಾನಕ್ಕೆ ಹೋಗೋವಾಗಲೂ ಆ ಶರ್ಟು ಜೊತೆಗೇ ಹೋಗ್ತಿತ್ತು.

೩. ಅತಿವೇಗ

ಪೊಲೀಸ್ ಸ್ಟೇಷನ್ನಿನಲ್ಲಿ ದೂರು ಟೈಪ್ ಮಾಡಿದ ರೈಟರ್ ಒಳ್ಳೇ ಮನುಷ್ಯ, ಕುರ್ಚಿ ಕೊಟ್ಟು ಕೂರಿಸಿದ್ರು. ಆದ್ರೆ ಬರೆದಿದ್ದು "ಸೈಕಲ್ ಸವಾರರು ಆಯತಪ್ಪಿ ಬಿದ್ದು" ಅಂತ. ಚಿಲ್ಲರೆ ಎಣಿಸದೆ ಜೇಬಿಗೆ ಹಾಕೋಳಲ್ಲ ನಾನು, ಓದದೆ ಸಹಿ ಹಾಕ್ತೀನಾ? ಆಯ ತಪ್ಪಿಲ್ಲ ಸಾರ್, ಬಾಗಿಲು ಬಡೀತು ಅಂದೆ. ಅಳಿಸಿ ಮತ್ತೆ ಬರೆದ್ರು. ಎರಡನೇ ಸಲ ಬಂದಿದ್ದು ಹೀಗೆ: ಸದರಿ ಕಾರನ್ನು ಅದರ ಚಾಲಕರು ರಸ್ತೆಯ ಎಡಬದಿಯಲ್ಲಿ ನಿಲ್ಲಿಸಿಕೊಂಡು, ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿ.

ನಿಲ್ಲಿಸಿಕೊಂಡು ಅತಿವೇಗವಾಗಿ ಹೇಗೆ ಸಾರ್ ಚಲಾಯಿಸ್ತಾರೆ ಅಂತ ಕೇಳಿದೆ. ಅದು ಕಂಪ್ಯೂಟರಲ್ಲಿ ಮೊದಲಿಂದಲೂ ಇರೋ ಸಾಲಂತೆ. ಅತಿವೇಗ ಇಲ್ಲದೆ ಆಕ್ಸಿಡೆಂಟ್ ಕೇಸು ಅವರ ಸರ್ವೀಸಲ್ಲೇ ಹೋಗಿಲ್ವಂತೆ. ಒಂದು ಗಂಟೆ ಹಟ ಹಿಡಿದು, ನೋಡದೆ ಬಾಗಿಲು ತೆಗೆದರು ಅನ್ನೋ ಮಾತನ್ನ ಸೇರಿಸಿದೆ. ಆದ್ರೆ ಅತಿವೇಗ ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ಕೊನೆಗೆ ರೈಟರೇ ಕೈ ಮುಗಿದು ಹೇಳಿದ್ರು: "ಇರ್ಲಿ ಬಿಡಿ ಅಮ್ಮಾ. ಕಾರು ನಿಧಾನಕ್ಕೇ ನಿಂತಿತ್ತು ಅಂತ ಬರೆದ್ರೆ ಕೇಸು ನಿಲ್ಲಲ್ಲ."

೪. ಸೈಕಲ್ ನೋಡೋಕೆ ಬಂದವರು

ರಾಜಾಜಿನಗರದಲ್ಲಿ ಒಬ್ಬ ಲಾಯರಮ್ಮನ್ನ ಹುಡುಕಿದೆ. ಮಗಳ ವಯಸ್ಸು, ಮಾತು ಕಡಿಮೆ. ಅವರು ಹೇಳಿದ್ದು ಕೇಳಿ ನನಗೆ ಹತ್ತು ಆನೆ ಬಲ ಬಂತು. ನಿಂತ ಗಾಡಿಯಿಂದ ಪೆಟ್ಟಾದ್ರೂ ಅದು ಗಾಡಿಯಿಂದ ಆದ ಅಪಘಾತಾನೇ, ನೋಡದೆ ಬಾಗಿಲು ತೆಗೆಯೋದು ತಪ್ಪು ಅಂತ ರೂಲ್ಸಲ್ಲೇ ಇದೆ, ಪರಿಹಾರ ಕೇಳೋ ಹಕ್ಕು ಕಾರಿನೋರಿಗೆ ಎಷ್ಟಿದೆಯೋ ಸೈಕಲ್ಲೋರಿಗೂ ಅಷ್ಟೇ ಇದೆ ಅಂದ್ರು. ಅಪಘಾತ ಪರಿಹಾರದ ಟ್ರಿಬ್ಯೂನಲ್ಲಲ್ಲಿ ಕೇಸ್ ಹಾಕಿದ್ವಿ.

ಸ್ವಲ್ಪ ದಿನಕ್ಕೆ ಕಾರಿನ ಇನ್ಶೂರೆನ್ಸ್ ಕಂಪನಿಯಿಂದ ವಿಚಾರಣೆಗೆ ಅಂತ ಒಬ್ಬರು ಮನೆಗೆ ಬಂದ್ರು. ಕಾಫಿ ಕುಡಿದು, ಬೆಲ್ ಹೊಡೆದು ನೋಡಿ, ಟೈರ್ ಒತ್ತಿ ನೋಡಿ, ಬ್ರೇಕ್ ಸರಿ ಇದೆಯಾ ಪರೀಕ್ಷೆ ಮಾಡಬೇಕು, ಒಂದು ರೌಂಡ್ ಹೊಡೀತೀನಿ, ಬೀಗ ತೆಗೀರಿ ಅಂದ್ರು. ನಮ್ಮ ಮನೆಯವರು ಜೇಬು ಗಟ್ಟಿಯಾಗಿ ಹಿಡ್ಕೊಂಡ್ರು. ಕಂಪನಿ ಆರ್ಡರ್ ತೋರಿಸಿದ್ರೂ ಕೊಡಲಿಲ್ಲ. ಎದ್ದು ನಿಂತು ಹೇಳಿದ್ರು: "ಕಟ್ಟಿಕೊಂಡ ಹೆಂಡತಿಗೇ ಕೊಟ್ಟಿಲ್ಲ ಸ್ವಾಮಿ, ನಿಮಗೆ ಕೊಡ್ತೀನಾ?"

೫. ಅರ್ಧ ತಪ್ಪು

ಕೇಸು ನಡೀತಾ ಇರೋವಾಗ ರಾಜಿ ಮಾಡ್ಕೊಳ್ಳಿ ಅಂತ ಒಂದು ದಿನ ಕರೆಸಿದ್ರು. ದೊಡ್ಡ ಹಾಲು, ಸಾಲಾಗಿ ಮೇಜು, ಸಂತೆ ಥರ ಜನ. ಇನ್ಶೂರೆನ್ಸಿನ ಲಾಯರು ಬಹಳ ಮರ್ಯಾದೆಯಿಂದಲೇ ಮಾತಾಡಿದ್ರು. ಅರ್ಧ ತಪ್ಪು ಅವರದು, ಅರ್ಧ ನಿಮ್ಮದು ಅಂತ ಬರೆದು ಇವತ್ತೇ ಮುಗಿಸಿಬಿಡೋಣ, ವಯಸ್ಸಾದೋರು ನೀವು ಎಷ್ಟು ಅಂತ ಅಲೀತೀರಿ ಅಂದ್ರು.

ನಮ್ಮ ಮನೆಯವರು ಆಗಲೇ ತಲೆ ಆಡಿಸೋಕೆ ಶುರು ಮಾಡಿದ್ರು. ನಾನು ಅವರ ಕಾಲು ತುಳಿದೆ. ಅರ್ಧ ತಪ್ಪು ಅಂತ ಬರೆಸ್ಕೊಂಡು ಮನೆಗೆ ಹೋದ್ರೆ ನನಗೆ ಅರ್ಧ ಸೈಕಲ್ ಕೊಡ್ತಾರಾ ಇವರು? "ಸಾರ್, ಅರ್ಧ ಟಿಕೆಟ್ ಮಕ್ಕಳಿಗೆ ಮಾತ್ರ" ಅಂದೆ. "ನಿಮ್ಮ ಕಡೆಯೋರಿಗೆ ಫುಲ್ ಹರೀರಿ."

೬. ಹೌದು, ಇಲ್ಲ

ಸಾಕ್ಷಿ ಹೇಳೋಕೆ ಕಟಕಟೆ ಹತ್ತೋ ಮುಂಚೆ ಲಾಯರಮ್ಮ ನೂರು ಸಲ ಹೇಳಿದ್ರು. ಆಂಟಿ, ಕೇಳಿದ್ದಕ್ಕೆ ಹೌದು ಅಥವಾ ಇಲ್ಲ, ಅಷ್ಟೇ. ಆಯ್ತಮ್ಮಾ ಅಂದೆ.

ಇನ್ಶೂರೆನ್ಸ್ ಲಾಯರು ಎದ್ರು. ಸೈಕಲ್ಲಿಗೆ ಲೈಸೆನ್ಸ್ ಇದೆಯಾ ಅಂತ ಕೇಳಿದ್ರು. ಇಲ್ಲ ಅಂದೆ. ಇಲ್ಲಿಗೆ ನಿಲ್ಲಿಸಬೇಕಿತ್ತು, ಆಗಲಿಲ್ಲ. ಸರ್ಕಾರಾನೇ ಕೇಳದೆ ಇರೋದನ್ನ ನೀವ್ಯಾಕೆ ಕೇಳ್ತೀರಿ ಸಾರ್ ಅಂದೆ. ಲಾಯರಮ್ಮ ಹಣೆ ಚಚ್ಚಿಕೊಂಡ್ರು. ಹೋಲ್ಡಾನ್ ಅಂತ ಕೂಗಿದ್ರಿ ಅಂದ್ರೆ ಬಾಗಿಲು ಮೊದಲೇ ಕಂಡಿತ್ತು, ಕೂಗೋಕೆ ಸಮಯ ಇದ್ದೋರಿಗೆ ಬ್ರೇಕ್ ಹಿಡಿಯೋಕೆ ಸಮಯ ಇರಲಿಲ್ವಾ ಅಂತ ಅವರ ಮುಂದಿನ ಪ್ರಶ್ನೆ. ನನ್ನ ಬಾಯಿ ಕೈಗಿಂತ ಫಾಸ್ಟು ಸಾರ್, ಬೇಕಿದ್ರೆ ನಮ್ಮ ಮನೆಯವರನ್ನ ಕೇಳಿ ಅಂದೆ. ಹಿಂದಿನ ಬೆಂಚಲ್ಲಿ ಕೂತಿದ್ದ ನಮ್ಮ ಮನೆಯವರು, ಯಾರೂ ಕೇಳದೆ ಇದ್ರೂ, ಎದ್ದು ನಿಂತು ಹೌದು ಅಂದ್ರು.

ಆಮೇಲೆ ಸ್ಟೇಷನ್ನಿನ ಆ ದೂರನ್ನ ಹೊರಗೆ ತೆಗೆದ್ರು. ಇಲ್ಲೇ ಮಣ್ಣು ಮುಕ್ಕಿದ್ರೆ ಸೈಕಲ್ ಗುಜರಿಗೇ ಅಂತ ಭಯ ಆಯ್ತು.

"ನಿಂತಿದ್ದ ಕಾರಿಗೆ ಅತಿವೇಗ ಅಂತ ಬರೆದು ಸಹಿ ಹಾಕಿದೀರ. ಇದು ಸುಳ್ಳು ತಾನೆ? ಕಾರು ನಿಂತಿತ್ತೋ, ಅತಿವೇಗದಲ್ಲಿತ್ತೋ?"

"ಎರಡೂ ನಿಜ ಸಾರ್" ಅಂದೆ. "ನಿಂತಿದ್ದು ಕಾರು, ಅತಿವೇಗ ಬಾಗಿಲಿಗೆ."

ಜಡ್ಜ್ ಸಾಹೇಬ್ರು ಕನ್ನಡಕ ತೆಗೆದು ಒರೆಸ್ಕೊಂಡ್ರು. ನಕ್ಕರೋ ಇಲ್ವೋ ನನಗೆ ಗೊತ್ತಾಗಲಿಲ್ಲ, ಭುಜ ಮಾತ್ರ ಅಲುಗಾಡ್ತಾ ಇತ್ತು.

೭. ಸಾಕ್ಷಿ ಕಟಕಟೆ

ಕೊನೆಗೆ ಇಸ್ತ್ರಿ ಶರ್ಟಿನ ಯಜಮಾನರ ಸರದಿ. ಆ ಕೋರ್ಟಿನ ಸಾಕ್ಷಿ ಕಟಕಟೆಗೆ ಸೊಂಟದೆತ್ತರದ ಒಂದು ಮರದ ಬಾಗಿಲಿತ್ತು, ಹೊರಗಡೆಗೆ ತೆರೆಯೋದು. ಅದರೊಳಗೆ ನಿಂತು ಪ್ರಮಾಣ ಮಾಡಿ, ಅರ್ಧ ಗಂಟೆ ತಮ್ಮ ಹುಷಾರಿನ ಬಗ್ಗೆಯೇ ಹೇಳಿದ್ರು. ಚಿಕ್ಕಂದಿನಿಂದಲೂ ಅವರು ಯಾವ ಬಾಗಿಲನ್ನೂ ಮೂರು ಸಲ ನೋಡದೆ ತೆಗೆದೋರೇ ಅಲ್ವಂತೆ. ಅವತ್ತೂ ನೋಡಿದ್ರಂತೆ, ರಸ್ತೆ ಖಾಲಿ ಇತ್ತಂತೆ, ನಾನು ಎಲ್ಲಿಂದಲೋ ಹಾರಿಕೊಂಡು ಬಂದು ಗುದ್ದಿದ್ನಂತೆ. ಎಷ್ಟು ನಯವಾಗಿ ಹೇಳಿದ್ರು ಅಂದ್ರೆ, ಒಂದು ಗಳಿಗೆ ನನಗೇ ಅನುಮಾನ ಬಂತು. ನಮ್ಮ ಲಾಯರಮ್ಮ ಏನು ಕೇಳಿದ್ರೂ ಜಗ್ಗಲಿಲ್ಲ. ಹಿಂದೆ ತಿರುಗಿ ನೋಡಿದ್ರೆ ನಮ್ಮ ಮನೆಯವರು ಜೇಬಿನ ಮೇಲೆ ಕೈ ಇಟ್ಕೊಂಡು ತಲೆ ತಗ್ಗಿಸಿ ಕೂತಿದ್ರು. ನನಗೆ ಅಳುನೇ ಬಂತು.

ಆಯ್ತು, ಕೆಳಗಿಳೀರಿ ಅಂದ್ರು ಜಡ್ಜ್ ಸಾಹೇಬ್ರು.

ಅದೇ ಹೊತ್ತಿಗೆ ಕೋರ್ಟಿನ ಅಟೆಂಡರು ಗಲ್ಲದವರೆಗೂ ಫೈಲು ಪೇರಿಸ್ಕೊಂಡು ಕಟಕಟೆ ಪಕ್ಕದಲ್ಲೇ ಬರ್ತಾ ಇದ್ರು. ಯಜಮಾನರು ತಮ್ಮ ಲಾಯರ್ ಕಡೆ ನೋಡಿ ನಗ್ತಾ, ಬಾಗಿಲಿಗೆ ಕೈ ಇಟ್ರು. ನನಗೆ ಬರ್ತಾ ಇರೋದೂ ಕಂಡಿತು, ಬಡಿಯೋದೂ ಕಂಡಿತು.

"ಹೋಲ್ಡಾನ್!" ಅಂತ ಕೂಗಿದೆ.

ಇಡೀ ಕೋರ್ಟು ನಿಂತ್ಹೋಯ್ತು. ಟೈಪಿಸ್ಟ್ ಬೆರಳು ನಿಂತಿತು, ವಾದ ಮಾಡೋಕೆ ಎದ್ದಿದ್ದ ಇನ್ನೊಬ್ಬ ಲಾಯರು ಅರ್ಧಕ್ಕೇ ನಿಂತ್ರು. ನಿಲ್ಲದೆ ಇದ್ದಿದ್ದು ಬಾಗಿಲೊಂದೇ. ಧಡ್ ಅಂತ ಅಟೆಂಡರ್ ಮೊಣಕೈಗೆ ಬಡೀತು, ಫೈಲೆಲ್ಲ ನೆಲಕ್ಕೆ. ಅವರು ಮೊಣಕೈ ಹಿಡ್ಕೊಂಡು, ನೋಡ್ಕೊಂಡು ತೆಗೀಬಾರದಾ ಸ್ವಾಮಿ ಅಂತ ನರಳಿದ್ರು.

ಯಜಮಾನರು ಮೊದಲು ಬಾಗಿಲು ಸವರಿ ನೋಡಿದ್ರು. ಆಮೇಲೆ ಜಡ್ಜ್ ಸಾಹೇಬ್ರ ಕಡೆ ತಿರುಗಿ, ಬಹಳ ನಯವಾಗಿ, "ನಾನು ಸುಮ್ನೆ ನಿಂತಿದ್ದೆ ಸಾರ್. ಇವರೇ ಬಂದು ಗುದ್ದಿದ್ರು" ಅಂದ್ರು.

ಮೊದಲು ನಕ್ಕಿದ್ದು ಇನ್ಶೂರೆನ್ಸಿನ ಲಾಯರೇ. ಪಾಪ, ಫೈಲು ಮುಖಕ್ಕೆ ಅಡ್ಡ ಹಿಡ್ಕೊಂಡು ನಕ್ಕರು. ಜಡ್ಜ್ ಸಾಹೇಬ್ರು ಟೈಪಿಸ್ಟ್ ಕಡೆ ತಿರುಗಿ, ಸಾಕ್ಷಿ ಕಟಕಟೆಯಿಂದ ಇಳಿದ ರೀತಿಯನ್ನೂ ದಾಖಲು ಮಾಡ್ಕೊಳ್ಳಿ ಅಂದ್ರು. ನಮ್ಮ ಲಾಯರಮ್ಮ ಎದ್ದು, ಬೇರೆ ಪ್ರಶ್ನೆ ಇಲ್ಲ ಅಂದು ಕೂತ್ರು.

ತೀರ್ಪು ಬಂತು. ಕೈಗೆ ಆದ ಖರ್ಚು, ನೋವಿಗೆ, ಅಲೆದಾಟಕ್ಕೆ ಎಲ್ಲಾ ಪರಿಹಾರ ಕೊಟ್ಟಿದ್ರು. ನಾನು ಮೊದಲು ಹುಡುಕಿದ್ದು ಅದನ್ನಲ್ಲ. ಸೈಕಲ್ ಸವಾರರ ಕಡೆಯಿಂದ ಯಾವುದೇ ನಿರ್ಲಕ್ಷ್ಯ ಕಂಡುಬಂದಿಲ್ಲ ಅನ್ನೋ ಸಾಲಿನ ಕೆಳಗೆ ಲಾಯರಮ್ಮ ಕೆಂಪು ಗೆರೆ ಎಳೆದುಕೊಟ್ಟಿದ್ರು. ನಮ್ಮ ಮನೆಯವರು ಅದನ್ನ ಜಗಲಿ ಮೇಲೆ ಕೂತು, ಮೇಲಿನ ಮನೆಯೋರಿಗೂ ಕೇಳೋ ಹಾಗೆ ಎರಡು ಸಲ ಓದಿದ್ರು. ಅಷ್ಟು ಜೋರು ದನಿ ಅವರಿಗಿದೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ಕೀಲಿ ತೆಗೆದ್ರು, ಬೀಗ ಬಿಚ್ಚಿದ್ರು, ಗಾಳಿ ಹೊಡೆದ್ರು. ಗೇಟಿಗೆ ಕೈ ಹಾಕಿ, ತೆಗೆಯೋ ಮುಂಚೆ ಎಡಕ್ಕೆ ನೋಡಿದ್ರು, ಬಲಕ್ಕೆ ನೋಡಿದ್ರು, ಇನ್ನೊಂದು ಸಲ ಎಡಕ್ಕೆ ನೋಡಿದ್ರು. ಇಪ್ಪತ್ತೇಳು ವರ್ಷದಲ್ಲಿ ಒಂದು ದಿನವೂ ನನ್ನ ಬಸ್ ಹತ್ತಿದ ಮನುಷ್ಯ ಅಲ್ಲ. ಗೇಟು ತೆಗೆದು ಪಕ್ಕಕ್ಕೆ ಸರಿದು, ನಾನು ಹತ್ತಿ ಕೂತ ಸೈಕಲ್ಲಿನ ಹಿಂದಕ್ಕೆ ಎರಡು ಸಲ ತಟ್ಟಿ ಹೇಳಿದ್ರು:

"ರೈಟ್, ರೈಟ್."