ಬಸ್ಸು ಕೇಳುವ ಬೈಕ್ ರ‍್ಯಾಲಿ

ಬಸ್ಸು ಕೇಳಲು ಹುಟ್ಟಿದ ಬೈಕ್ ರ‍್ಯಾಲಿಯನ್ನು ನಾವೇ ಮೆರೆದಾಡಿ ಕೆಡಿಸಿದೆವು. ಮುಂದೆ ನಿಂತು ಮಾಡಿಸಿದವರಲ್ಲಿ ನಾನೂ ಒಬ್ಬ. ವರ್ಷ ವರ್ಷವೂ ಏನಾದರೊಂದು ಆಗುತ್ತದೆ.

೧. ಏಳೇ ಬೈಕು

ನ್ಯಾಮತಿ ತಾಲೂಕಿನ ನಮ್ಮ ಹಳ್ಳಿಗೆ ಬೆಳಗಿನ ಬಸ್ಸಿರಲಿಲ್ಲ. ಹೂ ಮಾರುವ ಅಕ್ಕ ಒಬ್ಬರಿದ್ದಾರೆ. ಎಂಟರೊಳಗೆ ಹೊನ್ನಾಳಿ ಮುಟ್ಟದಿದ್ದರೆ ಅವರ ಹೂವನ್ನು ಕೇಳುವವರಿಲ್ಲ. ಹಾಲಿನ ಟೆಂಪೊದಲ್ಲಿ ಕ್ಯಾನುಗಳ ನಡುವೆ ಕೂತು ಹೋಗುತ್ತಿದ್ದರು. ಅವರಿಗಾಗಿ ಏಳು ಬೈಕಿನಲ್ಲಿ ಬಸ್ ಡಿಪೋಗೆ ಹೋಗಿ ಅಲ್ಲಿನ ಸಾಹೇಬರಿಗೆ ಮನವಿ ಕೊಟ್ಟೆವು. ಸಾಹೇಬರು ಕಿಟಕಿಯಿಂದ ಹೊರಗೆ ನೋಡಿದರು.

"ಎಲ್ಲರತ್ರಾನೂ ಗಾಡಿ ಐತಲ್ರೀ. ಬಸ್ಸು ಯಾರಿಗ್ರಿ?"

೨. ಜಗಳೂರಿನವನು

ಬೈಕು ಹೆಚ್ಚಾದರೆ ಸಾಹೇಬರು ಹೆದರುತ್ತಾರೆ ಎಂದವನು ನಾನೇ. ತಿಂಡಿಗೆ ಮಂಡಕ್ಕಿ-ಮೆಣಸಿನಕಾಯಿ, ಎಲ್ಲರಿಗಿಂತ ಮುಂದಿರುವ ಬೈಕಿಗೆ ಶಾಲು ಎಂದು ಸಾರಿದೆವು. ಮರುವರ್ಷ ಚನ್ನಗಿರಿಯಿಂದ ಬಂದರು, ಜಗಳೂರಿನಿಂದಲೂ ಬಂದರು. ಜಗಳೂರಿನ ಒಬ್ಬನನ್ನು ಕೇಳಿದೆ: "ನಿಮ್ಮೂರಿಗೂ ಬಸ್ಸಿಲ್ಲೇನಪ್ಪ?"

"ಬೇಕಾದಷ್ಟು ಅದಾವಣ್ಣ. ಬಸ್ಸಿನಾಗೆ ಕುಂತ್ರೆ ಸೈಲೆನ್ಸರ್ ಬಿಚ್ಚಾಕೆ ಬಿಡ್ತಾರಾ?"

೩. ಒಂದೇ ಸಾಲು

ಶಾಲಿಗಾಗಿ ಚನ್ನಗಿರಿಯವರಿಗೂ ಜಗಳೂರಿನವರಿಗೂ ಹೊಡೆದಾಟವಾಯಿತು. ಕೊನೆಗೆ, ಯಾರೂ ಮುಂದಿಲ್ಲ ಯಾರೂ ಹಿಂದಿಲ್ಲ, ರಸ್ತೆ ತುಂಬ ಅಡ್ಡಡ್ಡ ಸಾಲಾಗಿ ಹೋಗೋಣ ಎಂದಾಯಿತು. ಒಂದು ಗೇಣು ಮುಂದೆ ಹೋದವನಿಗೆ ಬೈಗುಳ. ಎಮ್ಮೆ ಹೊಡೆದುಕೊಂಡು ಹೊರಟ ಅಜ್ಜ ಪಕ್ಕದ ಬದುವಿನ ಮೇಲೆ ನಮ್ಮನ್ನು ದಾಟಿದ.

"ಪೆಟ್ರೋಲ್ ಹಾಕ್ಸಿಲ್ವೇನ್ರಪ್ಪಾ? ಎಮ್ಮೆ ಕಟ್ಲಾ?"

೪. ಈ ವರ್ಷ

ಹಾಗೆಯೇ ರಸ್ತೆ ತುಂಬಿ ಹೊರಟಿದ್ದೆವು. ಎದುರಿಗೆ ಒಂದು ಖಾಲಿ ಬಸ್ಸು ಬಂತು. ನಮ್ಮ ಹುಡುಗರು ಅಡ್ಡ ನಿಂತರು.

"ದಾರಿ ಬಿಡ್ರಿ," ಎಂದ ಡ್ರೈವರ್. "ಹೊಸಾ ರೂಟು, ಇವತ್ತೇ ಮೊದಲ್ನೇ ಟ್ರಿಪ್ಪು."

"ಆಗಂಗಿಲ್ಲ. ಹೋರಾಟ ನಡೆದೈತೆ. ವಾಪಸ್ ಹೋಗ್ರಿ."

"ಯಾತರ ಹೋರಾಟ?"

"ನಮ್ಮೂರಿಗೆ ಬಸ್ಸು ಬಿಡ್ಲಿ ಅಂತ."

ಡ್ರೈವರ್ ಬಸ್ಸಿನ ಹಣೆಯ ಮೇಲಿದ್ದ ಬೋರ್ಡನ್ನು ತೋರಿಸಿದ. ನಮ್ಮೂರಿನ ಹೆಸರು. ನಮ್ಮವರು ಅದನ್ನು ಓದುವ ಹೊತ್ತಿಗೆ ಅವನು ಬಸ್ಸು ತಿರುಗಿಸಿಯಾಗಿತ್ತು. ನಾನು ಕೂಗುತ್ತಾ ಓಡಿದೆ. ಬಿಚ್ಚಿದ ಸೈಲೆನ್ಸರುಗಳ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಆಮೇಲೆ ಡಿಪೋಗೆ ವರದಿ ಹೋಯಿತು: ಬಸ್ಸಿಗೆ ಗ್ರಾಮಸ್ಥರ ವಿರೋಧ.

ಅಕ್ಕ ಹೂವಿನ ಬುಟ್ಟಿ ಹಿಡಿದು ಸ್ಟಾಪಿನಲ್ಲೇ ನಿಂತಿದ್ದರು. "ಬಸ್ಸು ಭಾಳ ಚಂದ ಐತಣ್ಣ," ಎಂದರು. "ದೂರದಿಂದ ನೋಡಿದೆ."

ಸಾಹೇಬರ ಕಾಲು ಹಿಡಿದು ಕೇಳಿದ್ದಕ್ಕೆ ಸೋಮವಾರ ಬೆಳಗ್ಗೆ ಏಳಕ್ಕೆ ಇನ್ನೊಂದು ಸಲ ಕಳಿಸುತ್ತಾರಂತೆ. ಜನ ಹತ್ತದಿದ್ದರೆ ರೂಟು ರದ್ದು. ಊರಿನವರೇ, ಬೈಕಿನ ಕೀಲಿ ಮನೆಯಲ್ಲಿಡಿ. ಸ್ಟಾಪಿಗೆ ಬನ್ನಿ. ಅಕ್ಕನನ್ನು ಮೊದಲು ಹತ್ತಿಸಿ, ಆಮೇಲೆ ನೀವೂ ಹತ್ತಿ.