ಏಕಾಂತಮ್ಮನ ಪಕ್ಕವಾದ್ಯ

ತನಗೆ ಹಾರ್ಮೋನಿಯಂ ಬರುವುದಿಲ್ಲವೆಂಬ ಸಂಗತಿ ಇಡೀ ಹೊಸದುರ್ಗದಲ್ಲಿ ಏಕಾಂತಮ್ಮನೊಬ್ಬಳಿಗೇ ಗೊತ್ತಿತ್ತು. ಬರುವುದೇ ಇಲ್ಲವೆಂದಲ್ಲ. ಮನೆಯ ಪೆಟ್ಟಿಗೆಯಲ್ಲಿ ಮೊದಲನೆಯ ಬಿಳಿ ಪಟ್ಟಿಯಿಂದ ಹಿಡಿದು ಎರಡು ಭಜನೆ ನುಡಿಸುತ್ತಿದ್ದಳು. ಅಲ್ಲಿಂದ ಒಂದೇ ಒಂದು ಪಟ್ಟಿ ಆಚೆ ಶ್ರುತಿ ಹಿಡಿ ಎಂದರೆ ಬೆರಳುಗಳು ಸಂತೆಯಲ್ಲಿ ಅವ್ವನ ಸೆರಗು ಕೈತಪ್ಪಿದ ಕೂಸುಗಳಾಗುತ್ತಿದ್ದವು. ‘ಇದನ್ನು ಯಾರಿಗಾದರೂ ಹೇಳಿಬಿಡಬೇಕು’ ಎಂದು ದಿನಾ ಅಂದುಕೊಳ್ಳುತ್ತಿದ್ದಳು. ಆದರೆ ಹೇಳುವುದಕ್ಕೆ ಬಾಯಿ ತೆರೆಯಬೇಕಲ್ಲ! ಬಿ.ಎ. ಪಾಸಾಗಿದ್ದರೂ ಹಾಲಿನವನಿಗೆ ‘ಅರ್ಧ ಸೇರು’ ಎನ್ನುವಾಗಲೂ ಬೆವರುವ ಹುಡುಗಿ ಅವಳು.

ಪಕ್ಕದ ಮನೆಯ ಬೋರಕ್ಕನಿಗೆ ಮಾತ್ರ ಗೋಡೆ ದಾಟಿ ಬರುತ್ತಿದ್ದ ಆ ಎರಡು ಭಜನೆಯೇ ಕೈಲಾಸವಾಗಿತ್ತು.

ಅಂದು ಬೆಳಿಗ್ಗೆ ಭಜನಾ ಸಂಘದ ಕಾರ್ಯದರ್ಶಿ ಚಿತ್ರಲಿಂಗಪ್ಪ ಏದುಸಿರು ಬಿಡುತ್ತಾ ಬೀದಿಗೆ ಬಂದ.

“ಕೆಟ್ಟೆ ಬೋರಕ್ಕ! ಶಿವಯ್ಯ ಗವಾಯಿಗಳೇನೋ ಬಂದವ್ರೆ. ಅವ್ರ ಪೆಟ್ಟಿಗೆಯೋನು ದಾರೀಲಿ ಬಸ್ಸಿಳಿದು ಮಾರಿಕಣಿವೆ ಡ್ಯಾಮು ನೋಡಾಕೆ ಹೋದೋನು ಇನ್ನೂ ಪತ್ತೆ ಇಲ್ಲ. ಸಾಯಂಕಾಲ ಊರೇ ಬರ್ತೈತೆ.”

“ನಮ್ಮ ಏಕಾಂತಿ ಸತ್ತೋಗವ್ಳೇನಪ್ಪ?” ಎಂದಳು ಬೋರಕ್ಕ.

“ಏನವ್ವ, ಬರ್ತೀಯಾ?” ಚಿತ್ರಲಿಂಗಪ್ಪ ಬಾಗಿಲಲ್ಲಿ ನಿಂತಿದ್ದ ಏಕಾಂತಮ್ಮನನ್ನು ಕೇಳಿದ.

ಏಕಾಂತಮ್ಮ ಬಾಯಿ ತೆರೆದಳು. ಮಾತು ಹೊರಡುವಷ್ಟರಲ್ಲಿ ಬೋರಕ್ಕ, “ಬರ್ತಾಳೆ, ನೀ ಹೋಗು” ಎಂದುಬಿಟ್ಟಳು.

ಸಂಜೆ ಸಂಘದ ಚಪ್ಪರದಲ್ಲಿ ಕಾಲಿಡಲು ಜಾಗವಿರಲಿಲ್ಲ. ವೇದಿಕೆಯಲ್ಲಿ ತಂಬೂರಿ, ತಬಲಾ, ನಡುವೆ ಗುಡಾಣದಂಥ ಹೊಟ್ಟೆಯ ಗವಾಯಿಗಳು. ಅವರು ಏಕಾಂತಮ್ಮನ ಕಡೆ ಬಾಗಿ, “ನನ್ನ ಶ್ರುತಿ ಕಪ್ಪು ಎರಡು, ತಾಯಿ” ಎಂದರು.

ಕಪ್ಪು ಪಟ್ಟಿಗಳನ್ನು ಏಕಾಂತಮ್ಮ ಈವರೆಗೆ ಧೂಳು ಒರೆಸುವಾಗ ಮಾತ್ರ ಮುಟ್ಟಿದ್ದಳು.

ಗವಾಯಿಗಳು ವಚನ ಎತ್ತಿಕೊಂಡರು. ಇವಳು ಕಣ್ಣು ಮುಚ್ಚಿ ಒಂದು ಪಟ್ಟಿ ಒತ್ತಿದಳು. ಬಾಗಿಲ ಸಂದಿಗೆ ಬಾಲ ಸಿಕ್ಕಿದ ಬೆಕ್ಕಿನಂತೆ ಪೆಟ್ಟಿಗೆ ಕಿರುಚಿತು. ಗವಾಯಿಗಳ ಹುಬ್ಬು ಮೇಲೇರಿತು. ನಾಚಿಕೆಯಿಂದ ಅವಳ ಕಿವಿಗಳು ಕೆಂಡವಾದವು. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಕೈ ಮುಂದೆ ಹೋಗಿ, ಗಾಳಿ ಬಿಡುವ ಗುಂಡಿಗಳನ್ನೆಲ್ಲ ಒಳಕ್ಕೆ ತಳ್ಳಿಬಿಟ್ಟಿತು. ಪೆಟ್ಟಿಗೆ ಮೂಕವಾಯಿತು. ಗಾಳಿಗೆ ದಾರಿಯಿಲ್ಲದೆ ತಿದಿ ಹೊಟ್ಟೆಯುಬ್ಬರದ ಕರುವಿನಂತೆ ಬಿಗಿದುಕೊಂಡಿತು. ಏಕಾಂತಮ್ಮ ಅದನ್ನು ಮೆಲ್ಲಗೆ ಸವರುತ್ತಾ, ಸತ್ತ ಪಟ್ಟಿಗಳ ಮೇಲೆ ಬೆರಳಾಡಿಸುತ್ತಾ ಕುಳಿತಳು.

“ಕೇಳಿದ್ರಾ, ಪೆಟ್ಟಿಗೆ ಹೆಂಗೆ ಮಾತಾಡ್ತೈತೆ!” ಬೋರಕ್ಕ ಹಿಂದಿನ ಸಾಲಿಗೂ ಕೇಳುವಂತೆ ಹೇಳಿದಳು.

“ಅಬ್ಬರ ಇಲ್ಲ ಕಣ್ರಿ, ಹದವಾಗೈತೆ” ಎಂದರು ರಿಟೈರಾದ ಪೋಸ್ಟ್‌ಮಾಸ್ತರು. “ಒಂದೇ ಒಂದು ಕಡೆ ಚೂರು ಜೋರಾತು.”

ಇಷ್ಟಕ್ಕೇ ಮುಗಿದಿದ್ದರೆ ಏಕಾಂತಮ್ಮ ಬದುಕಿಕೊಳ್ಳುತ್ತಿದ್ದಳು. ಆದರೆ ಹಿಂದಿನಿಂದ ಯಾರೋ, “ಪೆಟ್ಟಿಗೆ ಇಲ್ಲಿಗೆ ಕೇಳ್ತಿಲ್ರಿ!” ಎಂದು ಕೂಗಿದರು. ಚಿತ್ರಲಿಂಗಪ್ಪ ಬಗ್ಗಿಕೊಂಡು ಬಂದು, ಗವಾಯಿಗಳ ಮುಂದಿದ್ದ ಮೈಕನ್ನೆತ್ತಿ ಹಾರ್ಮೋನಿಯಂಗೆ ಆನಿಸಿ ಇಟ್ಟ. ಮೈಕಿಗೆ ಸಿಕ್ಕಿದ್ದು ಅವಳ ಗಾಜಿನ ಬಳೆಗಳ ಸದ್ದು ಮಾತ್ರ. ಕಿಣಿ, ಕಿಣಿ, ಕಿಣಿ.

“ಈಗ ಕೇಳ್ತು!” ಜನ ತಲೆದೂಗಿದರು.

ಏಕಾಂತಮ್ಮನಿಗೆ ಭೂಮಿ ಬಾಯಿ ಬಿಟ್ಟರೆ ಪೆಟ್ಟಿಗೆ ಸಮೇತ ಇಳಿದುಬಿಡಬೇಕೆನಿಸಿತು.

ಕಛೇರಿ ಮುಗಿಯಿತು. ಗವಾಯಿಗಳು ಮೈಕು ತೆಗೆದುಕೊಂಡರು. “ಇಷ್ಟು ವರ್ಷ ಹಾಡಿದೆ, ಇಂಥ ಸಾಥ್ ಸಿಕ್ಕಿರಲಿಲ್ಲ. ನಾಳೆ ಹಿರಿಯೂರು, ನಾಡಿದ್ದು ಹೊಳಲ್ಕೆರೆ. ಪೆಟ್ಟಿಗೆಗೆ ಈ ತಾಯೇ ಬರಬೇಕು!”

ಚಪ್ಪಾಳೆಯ ನಡುವೆ ಏಕಾಂತಮ್ಮ ಅವರ ಕಿವಿಯ ಬಳಿ ತೊದಲಿದಳು. “ಗುಂಡಿ... ಮುಚ್ಚಿತ್ತು...”

ಗವಾಯಿಗಳು ಮೈಕಿಗೆ ಅಂಗೈ ಅಡ್ಡ ಹಿಡಿದರು. “ಗೊತ್ತವ್ವ. ನನ್ನ ಪೆಟ್ಟಿಗೆಯೋನು ನಾನು ಉಸಿರೆಳೆಯೋದ್ರಾಗೆ ಹಾಡೇ ಮುಗಿಸಿ ಕುಂತಿರ್ತಾನೆ. ನನ್ನ ದನಿ ನನಗೆ ಕೇಳಿಸಿದ್ದು ಇವತ್ತೇ. ಬಾಯಿ ಬಿಡಬ್ಯಾಡ. ಹಿರಿಯೂರಾಗೂ ಹಿಂಗೇ ಬಾರ್ಸು.”

ಹಿರಿಯೂರು, ಹೊಳಲ್ಕೆರೆ, ಆಮೇಲೆ ಚಿತ್ರದುರ್ಗ. ಊರೂರಿಗೂ ಹೋಗಿ ಈ ಸುಳ್ಳಿನ ಮುಂದೆ ಕೂರಬೇಕು! ಏಕಾಂತಮ್ಮನ ಒಳಗೆ ಏನೋ ಬಿಗಿ ಕಳಚಿತು. ಜೀವಮಾನದಲ್ಲಿ ಮೊದಲ ಸಲ ಅವಳು ಮೈಕಿನ ಮುಂದೆ ನಿಂತಳು.

“ನಾನು ಒಂದು ಸ್ವರಾನೂ ನುಡಿಸಲಿಲ್ಲ” ಎಂದಳು.

“ಕೇಳಿದಿರಾ ಶರಣರೇ?” ಗವಾಯಿಗಳು ಎರಡೂ ಕೈ ಮೇಲೆತ್ತಿದರು. “ನುಡಿಸಿದೋಳು ನಾನಲ್ಲ ಅಂತಾಳೆ. ನುಡಿಸಿದೋನು ಆ ಶಿವ ಅಂತಾಳೆ!”

ಚಪ್ಪಾಳೆಗೆ ಚಪ್ಪರದ ಕಂಬಗಳು ಅಲುಗಾಡಿದವು. ಪೋಸ್ಟ್‌ಮಾಸ್ತರು ಎದ್ದು ನಿಂತು ಕೈಮುಗಿದರು. ಬೋರಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಚಿತ್ರಲಿಂಗಪ್ಪನನ್ನು ತಿವಿದಳು.

“ಹಿರಿಯೂರು ಬಸ್ಸು ಎಷ್ಟೊತ್ತಿಗಪ್ಪ? ಹೆಣ್ಣುಡುಗಿ ಒಬ್ಳೇ ಹೋಗಾಕಾಯ್ತದಾ? ನಾನೂ ಬರ್ತೀನಿ.”